ಬೇಡ ಎನ್ನುವ ಹಕ್ಕು: ಔಷಧ ಪ್ರಯೋಗಗಳಲ್ಲಿ ಇ-ಸಮ್ಮತಿ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ವೈದ್ಯಕೀಯದ ಒಂದು ವಿಷಯವನ್ನು ವೈದ್ಯರಲ್ಲದವರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಬೇಕು ಎನ್ನುವುದು ಈ ದತ್ತಿಯ ಆಶಯ. ನನಗೆ ಅದು ಅನುಕೂಲವೇ ಆಯಿತು, ಏಕೆಂದರೆ ನಾನೂ ವೈದ್ಯನಲ್ಲ. ವಕೀಲಿ ವೃತ್ತಿಯವನು, ಎಥಿಕ್ಸ್ ಕಮಿಟಿಯಲ್ಲಿ ಕಾನೂನು ಬಲ್ಲ ಸದಸ್ಯನಾಗಿ ಕೂತವನು. ಮನುಷ್ಯರ ಮೇಲೆ ಹೊಸ ಔಷಧ ಪ್ರಯೋಗಿಸುವ ಮೊದಲು ಆಸ್ಪತ್ರೆಗಳು ಈ ಕಮಿಟಿಯ ಒಪ್ಪಿಗೆ ಪಡೆಯಬೇಕು. ಅದರಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅರ್ಧದಷ್ಟು ಮಂದಿಯಾದರೂ ಆ ಸಂಸ್ಥೆಗೆ ಸೇರದವರಾಗಿರಬೇಕು, ವೈದ್ಯರ ಜೊತೆಗೆ ಒಬ್ಬ ಜನಸಾಮಾನ್ಯರೂ ಒಬ್ಬ ಕಾನೂನು ಬಲ್ಲವರೂ ಕೂರಬೇಕು ಎಂದು 2019ರ ‘ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು’ ಹೇಳುತ್ತವೆ.

ನಮ್ಮ ಮುಂದೆ ಬರುವ ಕಾಗದಗಳಲ್ಲಿ ದಪ್ಪನೆಯದು ಸಮ್ಮತಿ ಪತ್ರ. ಈಗ ಆ ಕಾಗದದ ಜಾಗಕ್ಕೆ ಟ್ಯಾಬ್ ಬರುತ್ತಿದೆ. ರೋಗಿ ಪರದೆಯ ಮೇಲೆ ಓದುತ್ತಾನೆ, ವಿಡಿಯೊ ನೋಡುತ್ತಾನೆ, ಬೆರಳಿನಿಂದ ಸಹಿ ಹಾಕುತ್ತಾನೆ. ಇದನ್ನು ಇ-ಸಮ್ಮತಿ ಎನ್ನೋಣ. ಇದು ಬರಬೇಕೇ ಬೇಡವೇ ಎನ್ನುವ ಚರ್ಚೆಯ ಕಾಲ ಮುಗಿದಿದೆ, ಇದು ಬರುತ್ತದೆ. ಯಾವುದನ್ನು ಅಳತೆಗೋಲಾಗಿ ಇಟ್ಟುಕೊಂಡು ಇದನ್ನು ಒಳಗೆ ಬಿಟ್ಟುಕೊಳ್ಳಬೇಕು ಎನ್ನುವುದೇ ಇವತ್ತಿನ ನನ್ನ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಜನ ಬೇಗ ‘ಹೂಂ’ ಅಂದರು ಎನ್ನುವುದು ಅಳತೆಯಲ್ಲ. ‘ಬೇಡ’ ಎನ್ನುವವನಿಗೆ ಅದು ಎಷ್ಟು ಸಲೀಸಾಯಿತು ಎನ್ನುವುದೇ ಅಳತೆ.

ಸಹಿ ಯಾರನ್ನು ಕಾಪಾಡಿತು?

ಪ್ರಯೋಗಕ್ಕೆ ಒಳಗಾಗುವವರಿಂದ ಬರೆಹದಲ್ಲಿ ಒಪ್ಪಿಗೆ ಪಡೆಯುವ ಪದ್ಧತಿಗೆ ನೂರು ವರ್ಷ ದಾಟಿದೆ. 1900ರಲ್ಲಿ ಕ್ಯೂಬಾದಲ್ಲಿ ಅಮೆರಿಕದ ಸೇನಾ ವೈದ್ಯ ವಾಲ್ಟರ್ ರೀಡ್ ಹಳದಿ ಜ್ವರ ಸೊಳ್ಳೆಯಿಂದ ಹರಡುತ್ತದೆಯೇ ಎಂದು ಪರೀಕ್ಷಿಸಿದಾಗ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಕರಾರುಪತ್ರ ಬರೆಸಿದರು. ಪಾಲ್ಗೊಂಡವರಿಗೆ ಚಿನ್ನದ ನಾಣ್ಯದಲ್ಲಿ 100 ಡಾಲರ್, ಜ್ವರ ಬಂದರೆ ಇನ್ನೂ 100. ಪ್ರಾಣಾಪಾಯ ಉಂಟು ಎಂದು ಅದರಲ್ಲಿ ಬರೆದಿತ್ತು. ಆದರೆ ಆ ದ್ವೀಪದಲ್ಲಿ ಇದ್ದವರಿಗೆ ಹೇಗಿದ್ದರೂ ಈ ಜ್ವರ ತಪ್ಪಿದ್ದಲ್ಲ ಎನ್ನುವ ಧಾಟಿಯೂ ಅದರಲ್ಲಿತ್ತು. ಮೊದಲ ಒಪ್ಪಿಗೆ ಪತ್ರಗಳಲ್ಲೇ ತಿಳಿಸುವುದೂ ಒಪ್ಪಿಸುವುದೂ ಒಂದರೊಳಗೊಂದು ಬೆರೆತುಹೋಗಿದ್ದವು.

ಆಮೇಲಿನ ಕಥೆ ನಿಮಗೆ ಗೊತ್ತಿರುವುದೇ. ನಾಜಿ ವೈದ್ಯರ ವಿಚಾರಣೆಯ ತೀರ್ಪಿನೊಂದಿಗೆ 1947ರಲ್ಲಿ ಬಂದ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಸೂತ್ರವೇ ಸ್ವಯಂಪ್ರೇರಿತ ಒಪ್ಪಿಗೆ. 1964ರಲ್ಲಿ ಮನುಷ್ಯರ ಮೇಲಿನ ಸಂಶೋಧನೆಯ ನೀತಿ ಹೇಳುವ, ಜಾಗತಿಕ ವೈದ್ಯಕೀಯ ಸಂಘದ ಹೆಲ್ಸಿಂಕಿ ಘೋಷಣೆ ಬಂತು. ಇಷ್ಟೆಲ್ಲ ಆಗುತ್ತಿರುವಾಗಲೇ ಅಮೆರಿಕದ ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸುಮಾರು 600 ಕಪ್ಪು ಜನಾಂಗದ ಗಂಡಸರನ್ನು ಸಿಫಿಲಿಸ್ ಅಧ್ಯಯನಕ್ಕೆ ಇಟ್ಟುಕೊಳ್ಳಲಾಗಿತ್ತು. ಕಾಯಿಲೆ ಇದ್ದವರಿಗೆ ಅದರ ಹೆಸರನ್ನೂ ಹೇಳಲಿಲ್ಲ. ಪೆನಿಸಿಲಿನ್ ಎಲ್ಲೆಡೆ ಸಿಗತೊಡಗಿದ ಮೇಲೂ ಅವರಿಗೆ ಕೊಡಲಿಲ್ಲ. ಆ ಹಗರಣದ ಬಿಸಿಯಲ್ಲೇ ಅಮೆರಿಕದಲ್ಲಿ ಸಂಶೋಧನೆಯ ನೀತಿಸೂತ್ರಗಳನ್ನು ಹೇಳುವ 1979ರ ಬೆಲ್ಮಾಂಟ್ ವರದಿ ಹುಟ್ಟಿತು, ಕಟ್ಟುನಿಟ್ಟಿನ ಸಮ್ಮತಿ ಪತ್ರಗಳೂ ಹುಟ್ಟಿದವು.

ಪತ್ರಗಳು ಬೆಳೆಯುತ್ತ ಹೋದವು. ಪ್ರತಿ ಹಗರಣಕ್ಕೆ ಒಂದು ಪ್ಯಾರಾ, ಪ್ರತಿ ದಾವೆಗೆ ಒಂದು ಪುಟ. ಇವತ್ತು ಕ್ಯಾನ್ಸರ್ ಔಷಧದ ಪ್ರಯೋಗವೊಂದರ ಮಾಹಿತಿ ಪತ್ರ ಹತ್ತಿಪ್ಪತ್ತು ಪುಟ ಇರುವುದು ಮಾಮೂಲು. ಅದನ್ನು ಓದಿದಾಗಲೆಲ್ಲ ನನ್ನಲ್ಲಿರುವ ವಕೀಲ ಎಚ್ಚರವಾಗುತ್ತಾನೆ: ಇದನ್ನು ಬರೆದವರ ಕಣ್ಣು ರೋಗಿಯ ಮೇಲಿಲ್ಲ, ಮುಂದೆ ಬರಬಹುದಾದ ಕೋರ್ಟಿನ ಮೇಲಿದೆ. ರೋಗಿಗೆ ರಕ್ಷಣೆಯಾಗಲೆಂದು ಹುಟ್ಟಿದ ಸಹಿ ಕ್ರಮೇಣ ಸಹಿ ಹಾಕಿಸಿಕೊಂಡವರ ರಕ್ಷಣೆಗೆ ನಿಂತಿತು.

ನಮ್ಮ ದೇಶ ಹಿಡಿದ ದಾರಿ

2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕುವ ಒಂದು ಯೋಜನೆ ಶುರುವಾಯಿತು. ಏಳು ಹುಡುಗಿಯರು ತೀರಿಕೊಂಡ ಸುದ್ದಿ ಬಂದು 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಆ ಸಾವುಗಳಿಗೆ ಲಸಿಕೆ ಕಾರಣ ಎಂದು ತನಿಖೆಯಲ್ಲಿ ಕಂಡುಬರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಒಳ್ಳೆಯ ಲಸಿಕೆ ಅದು. ತಪ್ಪಿದ್ದು ಒಪ್ಪಿಗೆಯಲ್ಲಿ. ಅಪ್ಪ ಅಮ್ಮ ಹಾಕಬೇಕಾಗಿದ್ದ ಸಹಿಯನ್ನು ಎಷ್ಟೋ ಕಡೆ ಹಾಸ್ಟೆಲ್ ವಾರ್ಡನ್‌ಗಳು, ಮುಖ್ಯೋಪಾಧ್ಯಾಯರು ಹಾಕಿದ್ದರು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದನ್ನು ಖಾರವಾಗಿಯೇ ಟೀಕಿಸಿತು. ಕಡತದ ಮಟ್ಟಿಗೆ ನೋಡಿದರೆ ಫಾರಂ ಇತ್ತು, ಸಹಿ ಇತ್ತು. ಒಪ್ಪಿದ ಮನುಷ್ಯರೇ ಇರಲಿಲ್ಲ.

ಅದೇ ಹೊತ್ತಿಗೆ ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ ಔಷಧ ಪ್ರಯೋಗಗಳ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತ್ತು. 2013ರ ಅಕ್ಟೋಬರಿನಲ್ಲಿ ಕೋರ್ಟ್ ಒಂದು ನಿರ್ದೇಶನ ಕೊಟ್ಟಿತು: ಒಪ್ಪಿಗೆ ಪಡೆಯುವ ಇಡೀ ಪ್ರಕ್ರಿಯೆಯನ್ನು ವಿಡಿಯೊ ಮಾಡಿ ಇಡಬೇಕು. ಬೇರೆ ದೇಶಗಳಲ್ಲಿ ಅಪರೂಪವಾದ ನಿಯಮ ಇದು. 2015ರ ಜುಲೈ 31ರ ಅಧಿಸೂಚನೆ ಇದನ್ನು ಸ್ವಲ್ಪ ಸಡಿಲಿಸಿತು: ಹೊಚ್ಚಹೊಸ ಔಷಧಗಳ ಪ್ರಯೋಗಕ್ಕೆ ದುರ್ಬಲ ಸ್ಥಿತಿಯಲ್ಲಿರುವವರನ್ನು ಸೇರಿಸಿಕೊಳ್ಳುವಾಗ ಮಾತ್ರ ಚಿತ್ರೀಕರಣ ಕಡ್ಡಾಯ, ಎಚ್‌ಐವಿ ಮತ್ತು ಕುಷ್ಠರೋಗದ ಔಷಧಗಳಿಗೆ ಮುಖ ಕಾಣದಂತೆ ಧ್ವನಿಮುದ್ರಣ ಸಾಕು.

ಹಾಗಾಗಿ ಇ-ಸಮ್ಮತಿ ನಮಗೆ ತೀರಾ ಹೊಸ ವಸ್ತುವೇನಲ್ಲ. ಒಪ್ಪಿಗೆಯ ಕೋಣೆಗೆ ಕ್ಯಾಮೆರಾ ಬಂದು ಹತ್ತು ವರ್ಷ ದಾಟಿತು. ಕ್ಯಾಮೆರಾ ಕಲಿಸಿದ ಪಾಠವೂ ಉಂಟು. ಅದು ಬಂದ ಮೇಲೆ ವೈದ್ಯರು ನಿಧಾನವಾಗಿ ಮಾತಾಡತೊಡಗಿದರು, ಏನನ್ನೂ ಬಿಡದೆ ಹೇಳತೊಡಗಿದರು. ಆದರೆ ರೋಗಿಯೂ ಕ್ಯಾಮೆರಾ ನೋಡಿ ನೆಟ್ಟಗೆ ಕೂತುಬಿಟ್ಟ. ಕೇಳಬೇಕೆಂದಿದ್ದ ಪ್ರಶ್ನೆಯನ್ನು ನುಂಗಿಕೊಂಡ.

ನಮ್ಮ ಸಮ್ಮತಿ ಪತ್ರದಲ್ಲಿ ಇನ್ನೊಂದು ವಿಶೇಷವಿದೆ. ಅದರಲ್ಲಿ ಹೆಸರು, ವಯಸ್ಸಿನ ಜೊತೆಗೆ ವಿದ್ಯಾರ್ಹತೆ, ಉದ್ಯೋಗ, ವಾರ್ಷಿಕ ಆದಾಯ, ನಾಮಿನಿಯ ಹೆಸರು, ನಾಮಿನಿಗೂ ರೋಗಿಗೂ ಏನು ಸಂಬಂಧ ಎನ್ನುವುದನ್ನೆಲ್ಲ ಬರೆಸುತ್ತಾರೆ. ಏನಾದರೂ ಹೆಚ್ಚುಕಮ್ಮಿಯಾದರೆ ಪರಿಹಾರ ಯಾರಿಗೆ ಸಲ್ಲಬೇಕು ಎಂದು ಗೊತ್ತಿರಬೇಕಲ್ಲ. ಸಾವು ಸಂಭವಿಸಿದರೆ 8 ಲಕ್ಷ ರೂಪಾಯಿಯನ್ನು ಮೂಲಾಂಕವಾಗಿಟ್ಟು ವಯಸ್ಸು ಮತ್ತು ಅಪಾಯದ ಮಟ್ಟ ನೋಡಿ ಲೆಕ್ಕ ಹಾಕುವ ಸೂತ್ರ ನಿಯಮದಲ್ಲೇ ಇದೆ. ಇದು ಒಳ್ಳೆಯದೇ. ಆದರೆ ಆಸ್ಪತ್ರೆಗೆ ಬಂದವನಿಗೆ ನಾಮಿನಿ ಯಾರೆಂದು ಕೇಳಿದೊಡನೆ ಎದೆ ಝಲ್ಲೆನ್ನುತ್ತದೆ. ಅದನ್ನು ಯಾವ ಹಂತದಲ್ಲಿ, ಯಾರು, ಯಾವ ದನಿಯಲ್ಲಿ ಕೇಳುತ್ತಾರೆ ಎನ್ನುವುದು ಮುಖ್ಯ. ಬೇರೆ ದೇಶದ ತಂತ್ರಾಂಶವನ್ನು ಹಾಗೇ ತಂದು ಕನ್ನಡ ಅಕ್ಷರ ಅಂಟಿಸಿದರೆ ಈ ಸೂಕ್ಷ್ಮ ಸಿಗದು.

ಪರದೆಗೆ ಏನು ಸಾಧ್ಯ, ಏನು ಸಾಧ್ಯವಿಲ್ಲ

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರ ಡಿಸೆಂಬರಿನಲ್ಲಿ ಇ-ಸಮ್ಮತಿಯ ಮಾರ್ಗಸೂಚಿ ಪ್ರಕಟಿಸಿತು. 2018ರಲ್ಲಿ ಬ್ರಿಟನ್ನಿನ ಸಂಸ್ಥೆಗಳು ಜಂಟಿ ಹೇಳಿಕೆ ಕೊಟ್ಟವು. ಪ್ರಯೋಗದ ಅಪಾಯ ಹೆಚ್ಚಿದಷ್ಟೂ ಎಲೆಕ್ಟ್ರಾನಿಕ್ ಸಹಿಯ ಭದ್ರತೆಯೂ ಹೆಚ್ಚಬೇಕು ಎನ್ನುವುದು ಅವುಗಳ ನಿಲುವು. ಕೋವಿಡ್ ಬಂದಾಗ ಇ-ಸಮ್ಮತಿ ಅನಿವಾರ್ಯವೇ ಆಯಿತು. ಐಸೊಲೇಷನ್ ವಾರ್ಡಿನ ಒಳಗೆ ಹೋದ ಕಾಗದ ಹೊರಗೆ ಬರುವಂತಿರಲಿಲ್ಲ. 2020ರಲ್ಲಿ ಎಫ್‌ಡಿಎ ತಾನೇ ಒಂದು ಆ್ಯಪ್ ಒದಗಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಎಥಿಕ್ಸ್ ಕಮಿಟಿಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಆಡಿಯೊ, ವಿಡಿಯೊ, ಡಿಜಿಟಲ್ ಸಹಿಗಳ ಬಳಕೆಗೆ ದಾರಿ ಬಿಟ್ಟಿತು. ಔಷಧ ಪ್ರಯೋಗಗಳ ಅಂತರರಾಷ್ಟ್ರೀಯ ಸಂಹಿತೆಯಾದ ಐಸಿಎಚ್ ಇ6 ತನ್ನ ಮೂರನೆಯ ಪರಿಷ್ಕರಣೆಯಲ್ಲಿ, 2025ರ ಜನವರಿಯಲ್ಲಿ, ಚಿತ್ರ, ವಿಡಿಯೊ, ಸಂವಾದಾತ್ಮಕ ವಿಧಾನಗಳನ್ನು ಹೆಸರಿಸಿಯೇ ಒಪ್ಪಿತು. ನಮ್ಮ 2019ರ ನಿಯಮಗಳು ಈಗಲೂ ಲಿಖಿತ ಒಪ್ಪಿಗೆಯ ಮಾತನ್ನೇ ಆಡುತ್ತವೆ. ಪರದೆಯ ಒಪ್ಪಿಗೆಗೆಂದು ಪ್ರತ್ಯೇಕ ಅಧ್ಯಾಯ ಅವುಗಳಲ್ಲಿಲ್ಲ. ಆದರೆ ಎಲೆಕ್ಟ್ರಾನಿಕ್ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮಾನ್ಯತೆ ಇದೆ.

ಪರದೆಯಿಂದ ಆಗುವ ಲಾಭ ನಿಜವಾದದ್ದು. ಸಾರಾಂಶ ಮೊದಲು, ವಿವರ ಬೇಕೆಂದವರಿಗೆ ಆಮೇಲೆ ಎಂದು ಮಾಹಿತಿಯನ್ನು ಪದರ ಪದರವಾಗಿ ಕೊಡಬಹುದು. ಓದಲು ಬಾರದವರಿಗೆ ಕೇಳಿಸಬಹುದು. ಕಲಬುರಗಿಯವರಿಗೆ ಕಲಬುರಗಿಯ ಮಾತಿನಲ್ಲಿ, ಕುಂದಾಪುರದವರಿಗೆ ಕುಂದಾಪುರದ ಮಾತಿನಲ್ಲಿ. ಹಳೆಯ ಆವೃತ್ತಿಯ ಫಾರಂಗೆ ಸಹಿ ಹಾಕಿಸುವುದು ತಪಾಸಣೆಗಳಲ್ಲಿ ಮತ್ತೆ ಮತ್ತೆ ಸಿಗುವ ದೋಷ. ಪರದೆಯಲ್ಲಿ ಹೊಸ ಆವೃತ್ತಿ ಬಂದೊಡನೆ ಹಳೆಯದು ತಾನಾಗಿ ಮರೆಯಾಗುತ್ತದೆ. ಪ್ರಯೋಗದ ನಡುವೆ ಹೊಸದೊಂದು ಅಡ್ಡಪರಿಣಾಮ ಗೊತ್ತಾದರೆ ಪಾಲ್ಗೊಂಡ ಎಲ್ಲರಿಗೂ ತಿಳಿಸಿ ಮತ್ತೊಮ್ಮೆ ಒಪ್ಪಿಗೆ ಪಡೆಯಬೇಕು. ಸಿಂಧನೂರಿನ ಒಬ್ಬ ಕೂಲಿಕಾರ ಅದಕ್ಕಾಗಿ ಒಂದು ದಿನದ ಸಂಬಳ ಬಿಟ್ಟು ಬೆಂಗಳೂರಿನ ಬಸ್ಸು ಹತ್ತುವ ಬದಲು ವಿಡಿಯೊ ಕರೆಯಲ್ಲೇ ವೈದ್ಯರ ಜೊತೆ ಮಾತಾಡಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ತಿಳಿವಳಿಕೆಯ ಪರೀಕ್ಷೆ. 2015ರಲ್ಲಿ ಅಮೆರಿಕದಲ್ಲಿ ಪಾರ್ಕಿನ್‌ಸನ್ ಕಾಯಿಲೆಯ ಬಗ್ಗೆ ಫೋನಿನ ಮೂಲಕವೇ ನಡೆದ ಎಂಪವರ್ ಎಂಬ ಅಧ್ಯಯನದಲ್ಲಿ, ಚಿತ್ರಗಳ ಜೊತೆ ವಿವರ ನೋಡಿದ ಮೇಲೆ ಕೆಲವು ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದವರಿಗೆ ಮಾತ್ರ ಸಹಿಯ ಪುಟ ತೆರೆಯುತ್ತಿತ್ತು. ಕಾಗದ ಮತ್ತು ಪರದೆಯನ್ನು ಹೋಲಿಸಿದ ಅಧ್ಯಯನಗಳಲ್ಲೂ ಪರದೆ ನೋಡಿದವರು ಒಟ್ಟಾರೆ ಕಡಿಮೆ ತಿಳಿದುಕೊಂಡಿಲ್ಲ, ಎಷ್ಟೋ ಬಾರಿ ಹೆಚ್ಚೇ ತಿಳಿದುಕೊಂಡಿದ್ದಾರೆ. ಕಾಗದಕ್ಕೆ ಗೊತ್ತಿರುವುದು ಸಹಿ ಬಿತ್ತೋ ಇಲ್ಲವೋ ಎಂಬುದೊಂದೇ. ‘ನಿಮಗೆ ಸಿಗುವುದು ನಿಜವಾದ ಔಷಧವೋ ಪ್ಲಸೀಬೊ ಗುಳಿಗೆಯೋ ನಿಮ್ಮ ಡಾಕ್ಟರಿಗೂ ಗೊತ್ತಿರುವುದಿಲ್ಲ, ಸರಿಯೇ ತಪ್ಪೇ?’ ಎಂದು ಕಾಗದ ಕೇಳಲಾರದು.

ಆದರೆ ಪರದೆ ಮನುಷ್ಯನ ಜಾಗ ತುಂಬುತ್ತದೆ ಎಂದುಕೊಂಡವರಿಗೆ ಒಂದು ಉದಾಹರಣೆ ಹೇಳಬೇಕು. 2011ರಲ್ಲಿ ಫೈಜರ್ ಕಂಪನಿ ಅಮೆರಿಕದಲ್ಲಿ ರಿಮೋಟ್ ಎಂಬ ಹೆಸರಿನ ಪ್ರಯೋಗ ಶುರುಮಾಡಿತು. ಆಸ್ಪತ್ರೆಗೆ ಬರುವ ಅಗತ್ಯವೇ ಇಲ್ಲ. ನೋಂದಣಿ, ಒಪ್ಪಿಗೆ ಎಲ್ಲವೂ ಅಂತರಜಾಲದಲ್ಲಿ, ಔಷಧ ಮನೆಬಾಗಿಲಿಗೆ. 5 ಸಾವಿರಕ್ಕೂ ಹೆಚ್ಚು ಜನ ನೋಂದಾಯಿಸಿದರು. ಒಂದೊಂದೇ ಹಂತದಲ್ಲಿ ಸೋಸಿಹೋಗಿ ಕೊನೆಗೆ ಔಷಧ ಗುಂಪುಗಳಿಗೆ ಹಂಚಲು ಉಳಿದವರು 18. ಅಂತರಜಾಲ ಮನೆಮನೆಯಲ್ಲಿದ್ದ ದೇಶದಲ್ಲೇ ಹೀಗಾಯಿತು. ಸೋಲಿಗೆ ಕಾರಣಗಳು ಹಲವು. ಹೆಜ್ಜೆಹೆಜ್ಜೆಗೂ ಜೊತೆಗಿರುವ ಮನುಷ್ಯರಿಲ್ಲದೆ ಜನ ದಾರಿಯಲ್ಲೇ ಬಿಟ್ಟುಹೋಗುತ್ತಾರೆ ಎನ್ನುವುದು ಅದರಿಂದ ನಾನು ಕಲಿತ ಪಾಠ.

ಫೋನು ಯಾರದು?

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಒಮ್ಮೆಯಾದರೂ ಅಂತರಜಾಲ ಬಳಸಿದ್ದ ಹೆಂಗಸರು ದೇಶದಲ್ಲಿ ನೂರಕ್ಕೆ 33, ಗಂಡಸರು 57. ತಮ್ಮದೇ ಬಳಕೆಯ ಮೊಬೈಲ್ ಇದ್ದ ಹೆಂಗಸರು ನೂರಕ್ಕೆ 54. ಸಮೀಕ್ಷೆಯ ನಂತರ ಸಂಖ್ಯೆ ಏರಿರುತ್ತದೆ. ಆದರೂ ಮನೆಯ ಫೋನು ಮಗನ ಕೈಯಲ್ಲೋ ಗಂಡನ ಜೇಬಿನಲ್ಲೋ ಇರುವುದು ನಾವು ದಿನವೂ ಕಾಣುವ ಸಂಗತಿ.

ಆಧಾರ್ ಆಧಾರಿತ ಇ-ಸಹಿಗೆ ಸಾಮಾನ್ಯವಾಗಿ ಓಟಿಪಿ ಬೇಕು. ಓಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ನಂಬರು ಮಗನದಾಗಿದ್ದರೆ ತಾಯಿಯ ಒಪ್ಪಿಗೆಯನ್ನು ಮಗ ಆರು ಅಂಕಿಗಳಲ್ಲಿ ಕೊಟ್ಟುಬಿಡಬಹುದು. ಖಮ್ಮಂನಲ್ಲಿ ವಾರ್ಡನ್ ಮಾಡಿದ ಕೆಲಸವನ್ನು ಮನೆಯೊಳಗೇ ಮಾಡಲು ಇಷ್ಟು ಸಾಕು. ವ್ಯತ್ಯಾಸ ಒಂದೇ: ವಾರ್ಡನ್ನಿನ ಸಹಿ ಬೇರೆಯವರದೆಂದು ನೋಡಿದವರಿಗೆ ತಿಳಿಯುತ್ತಿತ್ತು, ಓಟಿಪಿಯಲ್ಲಿ ಕೈಬರೆಹ ಇರುವುದಿಲ್ಲ. ಕಂಪ್ಯೂಟರಿನ ದಾಖಲೆ ಇಷ್ಟು ಗಂಟೆ, ಇಷ್ಟು ನಿಮಿಷಕ್ಕೆ ಸರಿಯಾದ ಓಟಿಪಿ ಬಂತು ಎಂದು ಅಚ್ಚುಕಟ್ಟಾಗಿ ಹೇಳುತ್ತದೆ. ಅಷ್ಟು ಅಚ್ಚುಕಟ್ಟಾದ ಸಾಕ್ಷ್ಯವನ್ನು ಕೋರ್ಟಿನಲ್ಲಿ ಅಲ್ಲಗಳೆಯುವುದು ಎಷ್ಟು ಕಷ್ಟ ಎಂದು ವಕೀಲರಿಗೆ ಗೊತ್ತು.

ಈ ವಿಷಯದಲ್ಲಿ ಹಳೆಯ ನಿಯಮವೇ ಹೆಚ್ಚು ವಿವೇಕದ್ದು. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ, ಪ್ರಯೋಗದ ತಂಡಕ್ಕೆ ಸೇರದ ಒಬ್ಬ ನಿಷ್ಪಕ್ಷಪಾತ ಸಾಕ್ಷಿ ಮೊದಲಿನಿಂದ ಕೊನೆಯವರೆಗೂ ಹಾಜರಿರಬೇಕು, ತಾನೂ ಸಹಿ ಹಾಕಬೇಕು. ಪರದೆ ಬಂದರೂ ಈ ಸಾಕ್ಷಿಯನ್ನು ಕೈಬಿಡಬಾರದು. ಪರದೆ ಬೇಡ, ಕಾಗದವೇ ಇರಲಿ ಎಂದವರಿಗೆ ಮರುಮಾತಿಲ್ಲದೆ ಕಾಗದ ಕೊಡಬೇಕು. ಎಫ್‌ಡಿಎ ಕೂಡ ಇದನ್ನೇ ಹೇಳುತ್ತದೆ.

ಬೇಡ ಅಂದವರ ಲೆಕ್ಕ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಕಡೆ ರೋಗಿಗೆ ವೈದ್ಯರ ಮುಖ ನೋಡಿಕೊಂಡು ‘ಒಲ್ಲೆ’ ಎನ್ನಲು ಬಾಯಿ ಬರುವುದಿಲ್ಲ. ‘ನೀವು ಹೆಂಗೆ ಹೇಳ್ತೀರೋ ಹಂಗೆ ಡಾಕ್ಟ್ರೇ’ ಎನ್ನುವುದು ನಂಬಿಕೆಯ ಮಾತೂ ಹೌದು, ಅಸಹಾಯಕತೆಯ ಮಾತೂ ಹೌದು. ಚಿಕಿತ್ಸೆ ಕೊಡುವವರೇ ಪ್ರಯೋಗಕ್ಕೂ ಕರೆದಾಗ, ಒಲ್ಲೆ ಅಂದರೆ ನಾಳೆ ವಾರ್ಡಿನಲ್ಲಿ ನನ್ನನ್ನು ಸರಿಯಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಎಂಬ ಅಳುಕು. ‘ಕಾರಣ ಹೇಳದೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ನನ್ನ ಚಿಕಿತ್ಸೆಗೆ ತೊಂದರೆಯಾಗದು’ ಎಂಬ ವಾಕ್ಯ ಪ್ರತಿ ಸಮ್ಮತಿ ಪತ್ರದಲ್ಲೂ ಇರುತ್ತದೆ. ವಾಕ್ಯಕ್ಕೇನು, ಎದುರಿಗೆ ಡಾಕ್ಟರು ನಿಂತಿರುತ್ತಾರೆ.

ಪರದೆಯ ನಿಜವಾದ ಉಪಕಾರ ಇಲ್ಲಿದೆ. ಅದಕ್ಕೆ ಮುಖವಿಲ್ಲ. ಮನೆಗೆ ಹೋಗಿ, ಹೆಂಡತಿ ಮಕ್ಕಳ ಜೊತೆ ವಿಡಿಯೊ ನೋಡಿ, ರಾತ್ರಿ ಯೋಚಿಸಿ, ಬೆಳಿಗ್ಗೆ ‘ಬೇಡ’ ಎಂದು ಒತ್ತಿಬಿಡಬಹುದು. ಯಾರ ಬೇಸರವನ್ನೂ ಎದುರಿಸಬೇಕಿಲ್ಲ. ತಿಳಿಸಲು ಮನುಷ್ಯ ಬೇಕು, ತೀರ್ಮಾನಿಸುವಾಗ ಆ ಮನುಷ್ಯ ಅತ್ತ ಸರಿಯಬೇಕು. ಕಾಗದದ ಕಾಲದಲ್ಲಿ ಇವೆರಡನ್ನೂ ಒಟ್ಟಿಗೆ ಸಾಧಿಸುವುದು ಕಷ್ಟವಿತ್ತು, ಈಗ ಸಾಧ್ಯ.

ಸಾಧ್ಯವಿದ್ದ ಮಾತ್ರಕ್ಕೆ ಆಗುತ್ತದೆ ಎಂದೇನಿಲ್ಲ. ತಂತ್ರಾಂಶಕ್ಕೆ ದುಡ್ಡು ಕೊಡುವುದು ಪ್ರಾಯೋಜಕ ಕಂಪನಿ. ಅದಕ್ಕೆ ಬೇಕಾಗಿರುವುದು ಬೇಗ ಬೇಗ ಭರ್ತಿಯಾಗುವ ಪ್ರಯೋಗ. ‘ಒಪ್ಪಿದೆ’ ಎನ್ನುವುದು ದೊಡ್ಡ ಹಸಿರು ಬಟನ್ನಾಗಿ, ‘ಬೇಡ’ ಎನ್ನುವುದು ಬೂದು ಬಣ್ಣದ ಸಣ್ಣ ಅಕ್ಷರವಾಗಿ ಮೂಲೆ ಸೇರಬಹುದು. ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತರು, ಎಲ್ಲಿ ಹಿಂಜರಿದರು ಎನ್ನುವುದನ್ನೆಲ್ಲ ಪರದೆ ಗುರುತಿಟ್ಟುಕೊಳ್ಳಬಲ್ಲದು. ಆ ಮಾಹಿತಿ ರೋಗಿಗೆ ಎಲ್ಲಿ ಅರ್ಥವಾಗಲಿಲ್ಲ ಎಂದು ತಿಳಿಯಲು ಬಳಕೆಯಾದರೆ ವರ. ಹಿಂಜರಿದವರನ್ನು ಹೇಗೆ ಒಪ್ಪಿಸಬೇಕು ಎಂದು ತಿಳಿಯಲು ಬಳಕೆಯಾದರೆ ಅದು ಅಂಗಡಿಯ ಚಾಲಾಕಿ.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಸೊಗಸಾದ ತತ್ತ್ವವಿದೆ: ಒಪ್ಪಿಗೆ ಕೊಡುವುದು ಎಷ್ಟು ಸುಲಭವಾಗಿತ್ತೋ ಅದನ್ನು ಹಿಂದೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲೂ, ಓದುವ ಆಯ್ಕೆ ಕೊಡಬೇಕು. ಆ ಕಾಯ್ದೆ ದತ್ತಾಂಶದ ಮಾತು ಆಡುತ್ತದೆ, ದೇಹದ ಮಾತನ್ನಲ್ಲ. ಸಂಶೋಧನೆಗೆ ಅದರಲ್ಲಿ ವಿನಾಯಿತಿಗಳೂ ಇವೆ. ಆದರೆ ಫೋನ್ ನಂಬರಿಗೆ ಸಲ್ಲುವ ಮರ್ಯಾದೆ ರಕ್ತನಾಳಕ್ಕೆ ಸಲ್ಲಬಾರದೇ? ಬೆರಳೊತ್ತಿ ಒಳಗೆ ಬಂದವನು ಹೊರಗೆ ಹೋಗಲು ಬೆಂಗಳೂರಿಗೆ ಬಂದು ಅರ್ಜಿ ಬರೆಯಬೇಕು ಎಂದರೆ ಅದು ಒಪ್ಪಿಗೆಯಲ್ಲ, ಬೋನು.

ಕಮಿಟಿಗಳು ಮಾಡಬೇಕಾದದ್ದು

ನನ್ನ ಸಲಹೆಗಳು ಮೂರು. ಮೂರಕ್ಕೂ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಎಥಿಕ್ಸ್ ಕಮಿಟಿಗಳಿಗೆ ಈಗಿರುವ ಅಧಿಕಾರವೇ ಸಾಕು.

ಒಂದು, ಕಮಿಟಿ ಪರದೆಯನ್ನೇ ನೋಡಬೇಕು. ಪರದೆಯ ಬರೆಹವನ್ನು ಮುದ್ರಿಸಿ ತಂದ ಹಾಳೆಗಳಿಗೆ ಅನುಮತಿ ಕೊಡುವುದು ಸಾಲದು. ವಿಡಿಯೊ, ದನಿ, ಬಟನ್ನುಗಳ ಗಾತ್ರ, ಪ್ರಶ್ನಾವಳಿ ಎಲ್ಲವೂ ಸಮ್ಮತಿ ಪತ್ರದ ಭಾಗವೇ. ಕಮಿಟಿಯ ಜನಸಾಮಾನ್ಯ ಸದಸ್ಯರು ಆ ಟ್ಯಾಬನ್ನು ಕೈಯಲ್ಲಿ ಹಿಡಿದು, ಯಾರ ನೆರವೂ ಇಲ್ಲದೆ, ‘ಬೇಡ’ ಎನ್ನುವವರೆಗೆ ಹೋಗಿ ಬರಬೇಕು.

ಎರಡು, ತಪ್ಪು ಉತ್ತರ ಬಂದರೆ ಪರದೆ ಸುಮ್ಮನೆ ಅದೇ ಪ್ರಶ್ನೆಗೆ ಹಿಂದಿರುಗಬಾರದು, ಮನುಷ್ಯರೊಬ್ಬರನ್ನು ಕರೆಯಬೇಕು. ಮೂರನೆಯ ಬಾರಿಗೆ ಊಹಿಸಿ ಒತ್ತಿದ ಸರಿ ಉತ್ತರ ತಿಳಿವಳಿಕೆಯಾಗುವುದಿಲ್ಲ. ಸಹಿಯಾದ ಪ್ರತಿ ರೋಗಿಯ ಕೈಗೆ ಸೇರಬೇಕು. ಇಮೇಲ್ ಇಲ್ಲದವರಿಗೆ ಮುದ್ರಿಸಿಯೇ ಕೊಡಬೇಕು. ಅದರಲ್ಲಿ ವೈದ್ಯರ ನಂಬರೂ ಕಮಿಟಿಯ ನಂಬರೂ ದಪ್ಪಕ್ಷರದಲ್ಲಿರಬೇಕು.

ಮೂರು, ಬೇಡ ಅಂದವರ ಲೆಕ್ಕ ಕೇಳಬೇಕು. ಪ್ರಯೋಗದ ಫಲಿತಾಂಶ ಪ್ರಕಟಿಸುವಾಗ ಕನ್ಸಾರ್ಟ್ ಎಂಬ ಅಂತರರಾಷ್ಟ್ರೀಯ ಮಾದರಿಯ ನಕ್ಷೆಯಲ್ಲಿ ಎಷ್ಟು ಜನ ಪಾಲ್ಗೊಳ್ಳಲು ನಿರಾಕರಿಸಿದರು ಎಂದು ಬರೆಯುವ ಒಂದು ಮನೆ ಇದೆ. ಅದು ತುಂಬುವುದು ಎಲ್ಲ ಮುಗಿದ ಮೇಲೆ. ಪ್ರಯೋಗ ನಡೆಯುತ್ತಿರುವಾಗಲೇ, ಕೇಂದ್ರವಾರು, ಆ ಸಂಖ್ಯೆ ಕಮಿಟಿಯ ಮುಂದೆ ಬರಲಿ: ಎಷ್ಟು ಜನರಿಗೆ ಹೇಳಿದಿರಿ, ಎಷ್ಟು ಜನ ಯೋಚಿಸಲು ಸಮಯ ಕೇಳಿದರು, ಎಷ್ಟು ಜನ ಬೇಡ ಅಂದರು, ಎಷ್ಟು ಜನ ನಡುವೆ ಬಿಟ್ಟರು. ಹೆಸರು ಬೇಡ, ಕಾರಣವೂ ಬೇಡ, ಸಂಖ್ಯೆ ಸಾಕು. ಇ-ಸಮ್ಮತಿಯಲ್ಲಿ ಇದು ಒಂದು ಕ್ಷಣದ ಕೆಲಸ.

ಒಂದು ಕೇಂದ್ರದಲ್ಲಿ ಕರೆದ ನೂರಕ್ಕೆ ನೂರೂ ಜನ ಒಪ್ಪಿದ್ದಾರೆ ಎಂದು ವರದಿ ಬಂದರೆ ಪ್ರಾಯೋಜಕರು ಸಂತೋಷಪಡಬಹುದು. ಕಮಿಟಿ ಮಾತ್ರ ಮಾರನೆಯ ದಿನವೇ ಅಲ್ಲಿಗೆ ತಪಾಸಣೆಗೆ ಹೊರಡಬೇಕು. ಹೊಸ ಔಷಧಗಳು ನಮಗೆ ಬೇಕು. ಅವುಗಳ ಪರೀಕ್ಷೆಗೆ ಮೈಯೊಡ್ಡುವವರ ಋಣ ನಮ್ಮೆಲ್ಲರ ಮೇಲಿದೆ. ಬೇಡ ಅನ್ನಲು ಬಾಗಿಲು ತೆರೆದೇ ಇದ್ದೂ ಒಳಗೆ ಉಳಿದವರ ಒಪ್ಪಿಗೆಗೆ ಮಾತ್ರ ಬೆಲೆ. ಇ-ಸಮ್ಮತಿಗೆ ಅನುಮತಿ ಕೊಡುವ ಪ್ರತಿ ಕಮಿಟಿಯೂ ಮೊದಲು ಆ ಬಾಗಿಲನ್ನು ತಳ್ಳಿ ನೋಡಲಿ.